ಉಪಗ್ರಹ ಚಿತ್ರದಲ್ಲಿ ಬೆಂಗಳೂರು: ಕಟ್ಟಡ ಯಾವುದು, ಬೋಳು ನೆಲ ಯಾವುದು?

ಒಂದು ಊರು ಎಷ್ಟು ಬೆಳೆದಿದೆ ಎಂದು ಉಪಗ್ರಹ ಚಿತ್ರದಿಂದ ಲೆಕ್ಕ ಹಾಕಲು ಈಗ ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಚಿತ್ರ ಪುಕ್ಕಟೆ, ಸಾಫ್ಟ್‌ವೇರ್ ಪುಕ್ಕಟೆ, ಸಾಧಾರಣ ಲ್ಯಾಪ್‌ಟಾಪ್ ಸಾಕು. ಕಷ್ಟ ಇರುವುದು ಬೇರೆ ಕಡೆ. ಫೆಬ್ರವರಿ ತಿಂಗಳ ಒಂದೇ ಒಂದು ಚಿತ್ರ ಇಟ್ಟುಕೊಂಡು ಬೆಂಗಳೂರಿನ ನಕ್ಷೆ ಮಾಡಿ ನೋಡಿ. ಹೊಸಕೋಟೆ ಕಡೆಯ ಕೊಯ್ಲಾದ ರಾಗಿ ಹೊಲ, ಹೆಸರಘಟ್ಟದ ಒಣಗಿದ ಹುಲ್ಲುಗಾವಲು, ನೀರು ಬತ್ತಿದ ಕೆರೆಯಂಗಳ, ಇವೆಲ್ಲ 'ಕಟ್ಟಡ' ಎಂದು ಬಂದು ಕೂತಿರುತ್ತವೆ. ನಮ್ಮ ಕಡೆಯ ಒಣ ಕೆಮ್ಮಣ್ಣೂ ಕಾಂಕ್ರೀಟೂ ಉಪಗ್ರಹದ ಕಣ್ಣಿಗೆ ಹೆಚ್ಚುಕಮ್ಮಿ ಒಂದೇ ಥರ ಕಾಣುತ್ತವೆ. ಇದನ್ನು ಬಿಡಿಸುವುದೇ ಇಲ್ಲಿನ ಮುಖ್ಯ ಕೆಲಸ. ಮಿಕ್ಕಿದ್ದೆಲ್ಲ ಬಟನ್ ಒತ್ತುವ ಕೆಲಸ.

ಬೆಂಗಳೂರನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ತುಮಕೂರು, ಕೋಲಾರ, ಚಿತ್ರದುರ್ಗದಂತಹ ಒಣ ಸೀಮೆಯ ಊರುಗಳಿಗೂ ಇದೇ ದಾರಿ ನಡೆಯುತ್ತದೆ. ಮಂಗಳೂರಿಗೆ ಅಷ್ಟಾಗಿ ಅಲ್ಲ. ಅಲ್ಲಿ ತೊಂದರೆ ಬೋಳು ನೆಲದ್ದಲ್ಲ, ಮನೆಗಳನ್ನು ಮುಚ್ಚಿಕೊಂಡ ತೆಂಗಿನ ತೋಟದ್ದು.

ಮೊದಲು ಪ್ರಶ್ನೆ, ಆಮೇಲೆ ಗಡಿ

'ಬೆಂಗಳೂರಿನ ಬೆಳವಣಿಗೆ ನೋಡಬೇಕು' ಎಂದು ಹೊರಟರೆ ಎಲ್ಲಿಗೂ ಮುಟ್ಟುವುದಿಲ್ಲ. '2001ಕ್ಕೂ 2024ಕ್ಕೂ ನಡುವೆ, ಊರಿನ ನಡುಭಾಗದಿಂದ 25 ಕಿ.ಮೀ. ಒಳಗೆ ಎಷ್ಟು ಚದರ ಕಿ.ಮೀ. ಹೊಸದಾಗಿ ಕಟ್ಟಡ, ರಸ್ತೆ ಆಯಿತು?' ಎಂದು ಕೇಳಿಕೊಂಡರೆ ಚಿತ್ರ ಯಾವುದು, ವರ್ಷ ಯಾವುದು, ವಿಧಾನ ಯಾವುದು ಎಂಬುದೆಲ್ಲ ತಾನಾಗಿ ತೀರ್ಮಾನವಾಗುತ್ತದೆ.

ಗಡಿಗೆ ಪಾಲಿಕೆಯ ನಕ್ಷೆ ಬಳಸಬೇಡಿ. 2007ರಲ್ಲಿ 7 ನಗರಸಭೆ, 1 ಪುರಸಭೆ, 110 ಹಳ್ಳಿಗಳನ್ನು ಸೇರಿಸಿಕೊಂಡು ಬಿಬಿಎಂಪಿ ಹುಟ್ಟಿತು. 2025ರಲ್ಲಿ ಅದು ಐದು ಪಾಲಿಕೆಗಳಾಯಿತು. ಆಯಾ ಕಾಲದ ಗಡಿ ಹಿಡಿದು ಲೆಕ್ಕ ಹಾಕಿದರೆ, ಊರು ಬೆಳೆದದ್ದೆಷ್ಟು, ಗೆರೆ ಹಿಗ್ಗಿದ್ದೆಷ್ಟು ಎಂದು ಹೇಳಲು ಆಗುವುದೇ ಇಲ್ಲ. ಸುಮ್ನೆ ವಿಧಾನಸೌಧದ ಮೇಲೆ ಒಂದು ಚುಕ್ಕೆ ಇಟ್ಟು 25 ಕಿ.ಮೀ. ತ್ರಿಜ್ಯದ ವೃತ್ತ ಎಳೆಯಿರಿ. ಸುಮಾರು 1,963 ಚದರ ಕಿ.ಮೀ. ಆಗುತ್ತದೆ. ಎಲ್ಲ ವರ್ಷಕ್ಕೂ ಅದೇ ವೃತ್ತ.

25 ಕಿ.ಮೀ. ಏಕೆ ಅಂದರೆ, ಇಷ್ಟು ಪೂರ್ತಿ ಸೆಂಟಿನೆಲ್-2 ಉಪಗ್ರಹ ಚಿತ್ರದ ಒಂದೇ ಚೌಕ ತುಂಡಿನಲ್ಲಿ, ಅವರ ಮಾತಿನಲ್ಲಿ ಒಂದೇ ಟೈಲ್‌ನಲ್ಲಿ, ಅಂದರೆ 43ಪಿಜಿಕ್ಯೂನಲ್ಲಿ, ಹಿಡಿಯುತ್ತದೆ. ದೇವನಹಳ್ಳಿ ವಿಮಾನ ನಿಲ್ದಾಣವೂ ಬೇಕೆಂದರೆ 30 ಕಿ.ಮೀ. ಮಾಡಬೇಕು. ಆಗ ಪೂರ್ವದ ಅಂಚಿನ ಒಂದು ಸಣ್ಣ ಪಟ್ಟಿಗೋಸ್ಕರ ಪಕ್ಕದ ಟೈಲ್ ಕೂಡ ಇಳಿಸಿಕೊಳ್ಳಬೇಕಾಗುತ್ತದೆ.

ಯಾವ ಚಿತ್ರ?

ಸೆಂಟಿನೆಲ್-2 ಯುರೋಪಿನದು, 2015ರಿಂದ ಇದೆ. ಇದರ ಒಳ್ಳೆಯ ಬ್ಯಾಂಡುಗಳಲ್ಲಿ (ಬ್ಯಾಂಡು ಅಂದರೆ ಒಂದೊಂದು ಬಗೆಯ ಬೆಳಕಿಗೆ ಒಂದೊಂದು ಪದರ) ಒಂದು ಪಿಕ್ಸೆಲ್, ಅಂದರೆ ಚಿತ್ರದ ಒಂದು ಚುಕ್ಕೆ, 10 ಮೀಟರ್ ಅಗಲ, 10 ಮೀಟರ್ ಉದ್ದ. ಅಂದರೆ 100 ಚದರ ಮೀಟರ್, ಬಹುಪಾಲು ಒಂದು ಗುಂಟೆ. ಮೂವತ್ತು-ನಲವತ್ತರ ಸೈಟು ಇದಕ್ಕಿಂತ ಸ್ವಲ್ಪವೇ ದೊಡ್ಡದು. ಅಮೆರಿಕದ ಲ್ಯಾಂಡ್‌ಸ್ಯಾಟ್‌ನ ಪಿಕ್ಸೆಲ್ 30 ಮೀಟರ್. ಅದರೊಳಗೆ ಒಂಬತ್ತು ಗುಂಟೆ ಹತ್ತಿರ ಬರುತ್ತದೆ, ಅಂದರೆ ಎಂಟು ಸೈಟು. ಒಂದು ಪಿಕ್ಸೆಲ್‌ನಲ್ಲಿ ಎರಡು ಮನೆ, ಒಂದು ರಸ್ತೆ, ನಾಲ್ಕು ಹೊಂಗೆ ಮರ, ಒಂದು ಖಾಲಿ ಸೈಟು ಎಲ್ಲ ಸೇರಿ ಒಂದೇ ಬಣ್ಣವಾಗಿ ಬರುತ್ತದೆ. ಈ ಗುಂಟೆ ಲೆಕ್ಕ ತಲೆಯಲ್ಲಿ ಇದ್ದರೆ ಚಿತ್ರದಿಂದ ಏನು ಕೇಳಬಹುದು, ಏನು ಕೇಳಬಾರದು ಎಂಬುದು ತಿಳಿಯುತ್ತದೆ.

ಹಾಗಾದರೆ ಲ್ಯಾಂಡ್‌ಸ್ಯಾಟ್ ಯಾಕೆ ಬೇಕು? ಹಳೆಯ ಕಾಲಕ್ಕೆ. ಮೊದಲ ಲ್ಯಾಂಡ್‌ಸ್ಯಾಟ್ ಹಾರಿದ್ದು 1972ರಲ್ಲಿ. 30 ಮೀಟರ್ ಚಿತ್ರ 1980ರ ದಶಕದಿಂದ ಸಿಗುತ್ತದೆ. 2008ರಿಂದ ಇಡೀ ಭಂಡಾರ ಪುಕ್ಕಟೆ. ಲ್ಯಾಂಡ್‌ಸ್ಯಾಟ್ ಭೂಮಿಯನ್ನು ಹಂಚಿಕೊಂಡಿರುವ ಚೌಕಗಳಲ್ಲಿ ಬೆಂಗಳೂರಿನದು ಪಾತ್ 144, ರೋ 51; ಹಾಗೆಂದು ಹುಡುಕಿ.

ನಮ್ಮ ಇಸ್ರೋದ ಲಿಸ್-4 ಚಿತ್ರಗಳಲ್ಲಿ ಪಿಕ್ಸೆಲ್ 5.8 ಮೀಟರ್, ನೋಡಲು ಚೆನ್ನ. ಆದರೆ ಅದರಲ್ಲಿ ಇರುವುದು ಮೂರೇ ಬ್ಯಾಂಡು. ಕಟ್ಟಡ ಗುರುತಿಸಲು ನಾವು ಬಳಸುವ ಕಿರುತರಂಗ ಅತಿಗೆಂಪು ಬ್ಯಾಂಡು, ಅಂದರೆ ಸ್ವಿರ್, ಅದರಲ್ಲಿಲ್ಲ. ಹಾಗಾಗಿ ಅದನ್ನು ಕಣ್ಣಿನಿಂದ ಪರೀಕ್ಷೆ ಮಾಡಲು ಇಟ್ಟುಕೊಳ್ಳಿ.

ಎರಡು ಬೇರೆ ಬೇರೆ ವರ್ಷ ಹೋಲಿಸುವಾಗ ನನ್ನ ಸಲಹೆ: ಎರಡೂ ತುದಿಗೆ ಲ್ಯಾಂಡ್‌ಸ್ಯಾಟನ್ನೇ ಬಳಸಿ. 2001ಕ್ಕೆ 30 ಮೀಟರ್, 2024ಕ್ಕೆ 10 ಮೀಟರ್ ಎಂದು ಬೆರೆಸಿದರೆ, ಹೊಸ ಚಿತ್ರದಲ್ಲಿ ಸಣ್ಣ ರಸ್ತೆ, ಒಂಟಿ ಮನೆ ಹೆಚ್ಚು ಕಾಣುವುದೇ 'ಬೆಳವಣಿಗೆ' ಎಂದು ಲೆಕ್ಕಕ್ಕೆ ಸೇರುತ್ತದೆ. ಇವತ್ತಿನ ಊರನ್ನು ಮಾತ್ರ ನೋಡುವುದಾದರೆ ಸೆಂಟಿನೆಲ್-2.

ಇಳಿಸಿಕೊಂಡ ಮೇಲೆ ಒಂದು ಎಚ್ಚರಿಕೆ

ಸೆಂಟಿನೆಲ್-2ಕ್ಕೆ ಕೋಪರ್ನಿಕಸ್ ಬ್ರೌಸರ್ ಎಂಬ ತಾಣದಲ್ಲಿ ಉಚಿತ ಖಾತೆ ತೆರೆದು 'ಎಲ್2ಎ' ಎಂಬ ಬಗೆಯ ಚಿತ್ರ ಇಳಿಸಿಕೊಳ್ಳಿ. ಗಾಳಿ, ದೂಳಿನ ಪ್ರಭಾವ ಕಳೆದು ಕೊಟ್ಟಿರುವ ಚಿತ್ರ ಅದು. ಲ್ಯಾಂಡ್‌ಸ್ಯಾಟ್‌ಗೆ ಅರ್ಥ್ ಎಕ್ಸ್‌ಪ್ಲೋರರ್ ಎಂಬ ತಾಣದಲ್ಲಿ 'ಕಲೆಕ್ಷನ್ 2, ಲೆವೆಲ್ 2' ಆರಿಸಿ. ಕ್ಯೂಜಿಐಎಸ್ ಎಂಬ ಪುಕ್ಕಟೆ ನಕ್ಷೆ ಸಾಫ್ಟ್‌ವೇರ್‌ನಲ್ಲಿ ತೆರೆದು, ಪ್ರಾಜೆಕ್ಟನ್ನು ಮೀಟರ್‌ನಲ್ಲಿ ಅಳೆಯುವ ಪದ್ಧತಿಗೆ, ಅಂದರೆ ಇಪಿಎಸ್‌ಜಿ 32643ಕ್ಕೆ ಇಟ್ಟು, ವೃತ್ತದ ಆಕಾರಕ್ಕೆ ಕತ್ತರಿಸಿಕೊಳ್ಳಿ. ಅಕ್ಷಾಂಶ-ರೇಖಾಂಶದ ಡಿಗ್ರಿಯಲ್ಲೇ ಬಿಟ್ಟು ವಿಸ್ತೀರ್ಣ ಲೆಕ್ಕ ಹಾಕಲು ಹೋಗಬೇಡಿ.

ಈಗ ಎಚ್ಚರಿಕೆ. ಸೆಂಟಿನೆಲ್-2ರ ಚಿತ್ರಗಳಲ್ಲಿ 2022ರ ಜನವರಿ 25ರಿಂದ ಪ್ರತಿ ಬೆಲೆಗೂ (ಪಿಕ್ಸೆಲ್ ಒಂದೊಂದರಲ್ಲೂ ಇರುವ ಬೆಳಕಿನ ಅಂಕಿಗೆ) 1000 ಕೂಡಿಸಿ ಕೊಡುತ್ತಾರೆ. ಕಳೆಯದೆ ಬಿಟ್ಟರೆ ಏನಾಗುತ್ತದೆ ನೋಡಿ. ಒಂದು ಮರದ ಪಿಕ್ಸೆಲ್‌ನಲ್ಲಿ ಕೆಂಪು 500, ಸಮೀಪ ಅತಿಗೆಂಪು (ಎಲೆಗಳು ಹೆಚ್ಚಾಗಿ ಪ್ರತಿಫಲಿಸುವ, ಕಣ್ಣಿಗೆ ಕಾಣದ ಬೆಳಕು) 3000 ಎಂದುಕೊಳ್ಳಿ. ಹಸಿರಿನ ಸೂಚ್ಯಂಕ ಎಂದರೆ ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸುವುದು: 2500 ÷ 3500, ಅಂದರೆ 0.71. ಎರಡಕ್ಕೂ 1000 ಸೇರಿದರೆ 2500 ÷ 5500, ಅಂದರೆ 0.45. ಮರ ಅದೇ, ಹಸಿರು ಮಾತ್ರ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಳಿದಿದೆ. 2019ನ್ನೂ 2024ನ್ನೂ ಹೀಗೆ ಹೋಲಿಸಿ 'ಹಸಿರು ನಾಶ' ಎಂದು ತಲೆಬರಹ ಕೊಡುವುದು ಬಹಳ ಸುಲಭ, ಅಲ್ವಾ? 1000 ಕಳೆದು, 10000ದಿಂದ ಭಾಗಿಸಿ. ಗೂಗಲ್ ಅರ್ಥ್ ಎಂಜಿನ್ (ಚಿತ್ರ ಇಳಿಸಿಕೊಳ್ಳದೆ ಇಂಟರ್ನೆಟ್‌ನಲ್ಲೇ ಲೆಕ್ಕ ಮಾಡುವ ಸೇವೆ) ಬಳಸುವವರು 'ಹಾರ್ಮೊನೈಸ್ಡ್' ಎಂದಿರುವ ಸಂಗ್ರಹ ತೆಗೆದುಕೊಂಡರೆ ಈ ಕಳೆಯುವ ಕೆಲಸ ಆಗಿಯೇ ಇರುತ್ತದೆ. ಲ್ಯಾಂಡ್‌ಸ್ಯಾಟ್ ಕಲೆಕ್ಷನ್ 2ಕ್ಕೆ ಬೇರೆ ಸೂತ್ರ: 0.0000275ರಿಂದ ಗುಣಿಸಿ, 0.2 ಕಳೆಯಿರಿ.

ಮೋಡ ತೆಗೆಯಲು ಎಲ್2ಎ ಜೊತೆಗೇ ಬರುವ 'ಎಸ್‌ಸಿಎಲ್' ಪದರ ಇದೆ. ಅದರಲ್ಲಿ 3 ಮೋಡದ ನೆರಳು, 8 ಮತ್ತು 9 ಮೋಡ, 10 ತೆಳು ಮೋಡ. ಇವನ್ನು ಬಿಟ್ಟುಬಿಡಿ. ಆದರೆ ಈ ಪದರ ಹೊಳೆಯುವ ಶೀಟ್ ಚಾವಣಿಗಳನ್ನೂ ಕೆಲವೊಮ್ಮೆ ಮೋಡ ಎಂದುಕೊಳ್ಳುತ್ತದೆ. ಪೀಣ್ಯದಂತಹ ಕೈಗಾರಿಕಾ ಪ್ರದೇಶದ ಮೇಲೆ ಒಮ್ಮೆ ಕಣ್ಣಾಡಿಸಿ. ಅಲ್ಲಿ ಎಲ್ಲ ತಿಂಗಳೂ ಒಂದೇ ಜಾಗದಲ್ಲಿ 'ಮೋಡ' ಇದ್ದರೆ ಅದು ಫ್ಯಾಕ್ಟರಿ.

ಒಂದು ಚಿತ್ರ ಸಾಲದು, ಒಂದು ವರ್ಷ ಬೇಕು

ಎಲ್ಲ ಪಾಠಗಳಲ್ಲೂ ಸಿಗುವ ಮೂರು ಸೂಚ್ಯಂಕ ಇವು. ಸೆಂಟಿನೆಲ್-2ರ ಬ್ಯಾಂಡ್ ಸಂಖ್ಯೆಗಳಲ್ಲಿ ಬರೆದಿದ್ದೇನೆ (ಬಿ3 ಹಸಿರು, ಬಿ4 ಕೆಂಪು, ಬಿ8 ಸಮೀಪ ಅತಿಗೆಂಪು, ಬಿ11 ಸ್ವಿರ್):

ಹಸಿರಿಗೆ ಎನ್‌ಡಿವಿಐ = (ಬಿ8 − ಬಿ4) ÷ (ಬಿ8 + ಬಿ4)
ಕಟ್ಟಡಕ್ಕೆ ಎನ್‌ಡಿಬಿಐ = (ಬಿ11 − ಬಿ8) ÷ (ಬಿ11 + ಬಿ8)
ನೀರಿಗೆ ಎಂಎನ್‌ಡಿಡಬ್ಲ್ಯುಐ = (ಬಿ3 − ಬಿ11) ÷ (ಬಿ3 + ಬಿ11)

ಬಿ11 ಮಾತ್ರ 20 ಮೀಟರ್ ಬ್ಯಾಂಡು. ಅದನ್ನು ಮೊದಲು 10 ಮೀಟರ್‌ಗೆ ಹೊಂದಿಸಿಕೊಳ್ಳಿ. ಆಮೇಲೆ ರಾಸ್ಟರ್ ಕ್ಯಾಲ್ಕುಲೇಟರ್‌ನಲ್ಲಿ ಐದು ನಿಮಿಷದ ಕೆಲಸ.

ಬಹಳಷ್ಟು ಪಾಠಗಳು ಇಲ್ಲಿಗೇ ನಿಂತು 'ಎನ್‌ಡಿಬಿಐ ಸೊನ್ನೆಗಿಂತ ಜಾಸ್ತಿ ಇದ್ದರೆ ಕಟ್ಟಡ' ಎಂದುಬಿಡುತ್ತವೆ. ವರ್ಷವಿಡೀ ನೆಲ ಹಸಿರಾಗಿರುವ ದೇಶಗಳಲ್ಲಿ ಇದು ನಡೆಯಬಹುದು. ಬಯಲುಸೀಮೆಯಲ್ಲಿ ನಡೆಯುವುದಿಲ್ಲ. ಮೋಡವಿಲ್ಲದ ಚಿತ್ರ ಸಿಗುವುದು ಡಿಸೆಂಬರ್‌ನಿಂದ ಮಾರ್ಚ್‌ವರೆಗೆ. ರಾಗಿ ಕೊಯ್ಲು ಮುಗಿದು ಹೊಲ ಬೋಳಾಗಿರುವುದೂ ಆಗಲೇ.

ದಾರಿ ಸರಳ. ಹೊಲ ವರ್ಷದಲ್ಲಿ ಒಮ್ಮೆಯಾದರೂ ಹಸಿರಾಗುತ್ತದೆ. ಕಾಂಕ್ರೀಟು ಯಾವ ಮಳೆಗೂ ಹಸಿರಾಗುವುದಿಲ್ಲ. ಆದ್ದರಿಂದ ಒಂದು ದಿನದ ಚಿತ್ರ ಬೇಡ. ವರ್ಷದುದ್ದಕ್ಕೂ ಚದುರಿದ ಎಂಟು-ಹತ್ತು ಚಿತ್ರ ತೆಗೆದುಕೊಳ್ಳಿ. ಒಂದೊಂದರಲ್ಲೂ ಎನ್‌ಡಿವಿಐ ಮಾಡಿ, ಪ್ರತಿ ಪಿಕ್ಸೆಲ್‌ಗೂ ವರ್ಷದ ಗರಿಷ್ಠ ಬೆಲೆ ಹುಡುಕಿ. ಕ್ಯೂಜಿಐಎಸ್‌ನಲ್ಲಿ 'ಸೆಲ್ ಸ್ಟ್ಯಾಟಿಸ್ಟಿಕ್ಸ್' ಎಂಬ ಸಾಧನ ಇದನ್ನೇ ಮಾಡುತ್ತದೆ. ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗಿನ ಚಿತ್ರ ಎರಡಾದರೂ ಇರಲೇಬೇಕು. ಅರ್ಧ ಮೋಡ ಮುಚ್ಚಿದ್ದರೂ ಚಿಂತೆಯಿಲ್ಲ, ಮೋಡದ ಸಂದಿಯಲ್ಲಿ ಕಂಡಷ್ಟೂ ಲಾಭ. ಒಂದೊಂದು ಚಿತ್ರವೂ ಒಂದು ಜಿಬಿ ಹತ್ತಿರ ತೂಗುತ್ತದೆ. ಇಂಟರ್ನೆಟ್ ನಿಧಾನ ಇದ್ದವರು ಅರ್ಥ್ ಎಂಜಿನ್‌ನಲ್ಲೇ ಗರಿಷ್ಠ ಪದರ ಮಾಡಿಸಿ, ಅದೊಂದನ್ನೇ ಇಳಿಸಿಕೊಳ್ಳುವುದು ಜಾಣತನ.

ಈ ಗರಿಷ್ಠ ಪದರ ತೆರೆದು ನೋಡಿದರೆ ಹೊಲ, ತೋಟ, ನೀಲಗಿರಿ ತೋಪು ಎಲ್ಲ ಒಂದು ಕಡೆ ಸರಿದು, ಊರು ಬೇರೆಯಾಗಿ ನಿಂತಿರುತ್ತದೆ. ಗಡಿಬೆಲೆ ಎಷ್ಟು ಇಡಬೇಕು ಎಂದು ಯಾರನ್ನೂ ಕೇಳಬೇಡಿ. ಗೊತ್ತಿರುವ ಹೊಲ, ಗೊತ್ತಿರುವ ಬಡಾವಣೆ ಎರಡರ ಮೇಲೂ ಕ್ಲಿಕ್ ಮಾಡಿ ಬೆಲೆ ಓದಿ. ಎರಡು ಗುಂಪಿನ ನಡುವೆ ಎಲ್ಲಿ ಅಂತರ ಬೀಳುತ್ತದೋ ಅಲ್ಲಿ ಗೆರೆ.

ಇದರಿಂದಲೂ ತಪ್ಪಿಸಿಕೊಳ್ಳುವ ಕಳ್ಳರು ಇದ್ದಾರೆ. ಕಲ್ಲು ಕ್ವಾರಿ, ಬಂಡೆ, ಪಾಲಿಹೌಸ್ ಎಂದೂ ಹಸಿರಾಗುವುದಿಲ್ಲ. ಇವನ್ನು ಕೈಯಲ್ಲೇ ಗುರುತಿಸಿ ತೆಗೆಯಬೇಕು. ಹೊಸ ಬಡಾವಣೆಯ ಖಾಲಿ ಸೈಟಿನಲ್ಲಿ ಮಳೆಗಾಲಕ್ಕೆ ಪಾರ್ಥೇನಿಯಂ ಎದ್ದು ಹೊಲದ ಹಾಗೆ ಕಾಣುತ್ತದೆ. ಅದನ್ನು 'ಬಡಾವಣೆ' ಎನ್ನಬೇಕೋ 'ಖಾಲಿ ನೆಲ' ಎನ್ನಬೇಕೋ ನಿಮ್ಮ ಪ್ರಶ್ನೆಗೆ ಬಿಟ್ಟಿದ್ದು, ಆದರೆ ಮೊದಲೇ ತೀರ್ಮಾನ ಮಾಡಿ ಬರೆದಿಡಿ. ಮಲ್ಲೇಶ್ವರ, ಜಯನಗರದ ಮರಗಳ ಸಾಲಿನ ಕೆಳಗೆ ಮನೆಗಳಿದ್ದರೂ ಮೇಲಿಂದ ಹಸಿರೇ ಕಾಣುತ್ತದೆ. ಅಂತಹ ಕಡೆಗೆ ಗರಿಷ್ಠದ ಜೊತೆಗೆ ವರ್ಷದ ನಡುಬೆಲೆಯನ್ನೂ (ಮೀಡಿಯನ್) ಇಟ್ಟುಕೊಂಡರೆ ಸ್ವಲ್ಪ ಸುಧಾರಿಸುತ್ತದೆ. ಪೂರ್ತಿ ಅಲ್ಲ.

ಯಂತ್ರಕ್ಕೆ ಕಲಿಸುವುದು

ಗಡಿಬೆಲೆ ಸಾಲದು ಅನ್ನಿಸಿದರೆ ವರ್ಗೀಕರಣಕ್ಕೆ ಹೋಗಿ. ಕ್ಯೂಜಿಐಎಸ್‌ನ 'ಸೆಮಿ-ಆಟೊಮ್ಯಾಟಿಕ್ ಕ್ಲಾಸಿಫಿಕೇಶನ್ ಪ್ಲಗಿನ್' ಹಾಕಿಕೊಂಡು, ಬ್ಯಾಂಡುಗಳು, ಮೂರು ಸೂಚ್ಯಂಕ, ವರ್ಷದ ಗರಿಷ್ಠ ಹಸಿರು ಎಲ್ಲವನ್ನೂ ಒಟ್ಟಿಗೆ ಕೊಟ್ಟು 'ರ್‍ಯಾಂಡಮ್ ಫಾರೆಸ್ಟ್' ಓಡಿಸಿ. ನೀವು ಗುರುತಿಸಿ ಕೊಟ್ಟ ಮಾದರಿ ಜಾಗಗಳಿಂದ ಕಲಿತು ಮಿಕ್ಕ ಪಿಕ್ಸೆಲ್‌ಗಳಿಗೂ ವರ್ಗ ಹಚ್ಚುವ ವಿಧಾನ ಇದು. ಐದು ವರ್ಗ ಸಾಕು: ಕಟ್ಟಡ ಮತ್ತು ರಸ್ತೆ, ಮರ, ಹೊಲ ಮತ್ತು ಹುಲ್ಲು, ಸದಾ ಬೋಳಾಗಿರುವ ನೆಲ, ನೀರು.

ಮಾದರಿ ಜಾಗಗಳನ್ನು ಊರಿನ ತುಂಬ ಹರಡಿ. ಮರಕ್ಕೆ ಕಬ್ಬನ್ ಪಾರ್ಕ್, ಲಾಲ್‌ಬಾಗ್ ಎರಡನ್ನೇ ಕೊಟ್ಟರೆ ನೀಲಗಿರಿ ತೋಪು ಯಂತ್ರಕ್ಕೆ ಗೊತ್ತಾಗುವುದಿಲ್ಲ. ಕಟ್ಟಡಕ್ಕೆ ಚಿಕ್ಕಪೇಟೆಯ ಒತ್ತೊತ್ತು ಮನೆ, ವೈಟ್‌ಫೀಲ್ಡ್‌ನ ಗಾಜಿನ ಕಟ್ಟಡ, ಪೀಣ್ಯದ ಶೀಟು, ಹೊರವಲಯದ ಹೆಂಚಿನ ಮನೆ ಎಲ್ಲ ಬೇಕು. ಗೊಂದಲ ಎಲ್ಲಿ ಜಾಸ್ತಿಯೋ ಅಲ್ಲಿ ಮಾದರಿಯೂ ಜಾಸ್ತಿ ಇರಲಿ.

ಲ್ಯಾಂಡ್‌ಸ್ಯಾಟ್‌ನಲ್ಲಿ ಇದನ್ನೇ ಮಾಡುವಾಗ ಬ್ಯಾಂಡ್ ಸಂಖ್ಯೆ ಬದಲಾಗುತ್ತದೆ. 5 ಮತ್ತು 7ನೇ ಲ್ಯಾಂಡ್‌ಸ್ಯಾಟ್‌ಗಳಲ್ಲಿ ಕೆಂಪು, ಸಮೀಪ ಅತಿಗೆಂಪು, ಸ್ವಿರ್ ಕ್ರಮವಾಗಿ 3, 4, 5. 8 ಮತ್ತು 9ರಲ್ಲಿ 4, 5, 6. ಲ್ಯಾಂಡ್‌ಸ್ಯಾಟ್ 7ರ ಒಂದು ಭಾಗ 2003ರ ಮೇ ತಿಂಗಳಲ್ಲಿ ಕೆಟ್ಟಿತು. ಆಮೇಲಿನ ಚಿತ್ರಗಳಲ್ಲಿ ಕಪ್ಪು ಪಟ್ಟಿಗಳಿವೆ. 2001ಕ್ಕೆ ಆ ತೊಂದರೆಯಿಲ್ಲ, ಆದರೆ ಮಳೆಗಾಲದ ಚಿತ್ರ ಕಮ್ಮಿ. 2000ದಿಂದ 2002ರವರೆಗೆ ಮೂರು ವರ್ಷ ಸೇರಿಸಿ ಗರಿಷ್ಠ ಹಸಿರು ತೆಗೆದರೆ ಕೊರತೆ ನೀಗುತ್ತದೆ.

ತಪ್ಪು ಎಷ್ಟಿದೆ ಎಂದು ಅಳೆಯುವುದು

ಇದನ್ನು ಬಿಟ್ಟರೆ ನಿಮ್ಮ ಕೈಯಲ್ಲಿ ಇರುವುದು ನಕ್ಷೆಯಲ್ಲ, ಬಣ್ಣದ ಚಿತ್ರ. ಆದರೂ ಜನ ಇದನ್ನೇ ಮೊದಲು ಬಿಡುವುದು.

ಮಾದರಿಗೆ ಬಳಸಿದ ಜಾಗಗಳನ್ನು ಪರೀಕ್ಷೆಗೆ ಬಳಸಬೇಡಿ. ಪ್ರತಿ ವರ್ಗದಲ್ಲೂ ಯದ್ವಾತದ್ವಾ ಬಿದ್ದ ಹೊಸ ಬಿಂದುಗಳನ್ನು ಆರಿಸಿ. ಇದಕ್ಕೆ 'ಅಕಾಟಾಮ' ಎಂಬ ಪ್ಲಗಿನ್ ಅನುಕೂಲ. ಗೂಗಲ್ ಅರ್ಥ್ ಪ್ರೊದಲ್ಲಿ ಗಡಿಯಾರದ ಗುರುತು ಒತ್ತಿದರೆ ಹಳೆಯ ಚಿತ್ರಗಳು ಬರುತ್ತವೆ. ನಿಮ್ಮ ವರ್ಷಕ್ಕೆ ಹತ್ತಿರದ್ದನ್ನು ತೆರೆದು, ನಿಮ್ಮ ನಕ್ಷೆ ಏನು ಹೇಳಿದೆ ಎಂದು ನೋಡದೆ, ಒಂದೊಂದು ಬಿಂದುವಿನಲ್ಲೂ ನಿಜವಾಗಿ ಏನಿದೆ ಎಂದು ಬರೆಯುತ್ತಾ ಹೋಗಿ. ಬೇಸರದ ಕೆಲಸ, ನಿಜ. ಎರಡು ಸಂಜೆ ಕೂತರೆ ಮುಗಿಯುತ್ತದೆ.

ಆಮೇಲಿನ ಲೆಕ್ಕ ಒಂದು ಕಲ್ಪಿತ ಉದಾಹರಣೆಯಿಂದ ಅರ್ಥವಾಗುತ್ತದೆ. ನಕ್ಷೆಯಲ್ಲಿ 500 ಚದರ ಕಿ.ಮೀ. ಕಟ್ಟಡ, 1,500 ಚದರ ಕಿ.ಮೀ. ಬೇರೆ ನೆಲ ಬಂದಿದೆ ಎಂದುಕೊಳ್ಳಿ. ಕಟ್ಟಡದೊಳಗಿನ 100 ಬಿಂದುಗಳಲ್ಲಿ 85 ನಿಜವಾಗಿ ಕಟ್ಟಡ. ಬೇರೆ ನೆಲದ 100 ಬಿಂದುಗಳಲ್ಲಿ 3 ಮಾತ್ರ ಕಟ್ಟಡ. ಹಾಗಾದರೆ ನಿಜವಾದ ಕಟ್ಟಡದ ನೆಲ 500ರ ಶೇ. 85, ಜೊತೆಗೆ 1,500ರ ಶೇ. 3. ಅಂದರೆ 425 + 45 = 470 ಚದರ ಕಿ.ಮೀ. ನೀವು ಪ್ರಕಟಿಸಬೇಕಾದ ಅಂಕಿ ಈ 470. ಪಿಕ್ಸೆಲ್ ಎಣಿಸಿ ಬಂದ 500 ಅಲ್ಲ. 'ಬೇರೆ ನೆಲ' ಎಂಬುದು ದೊಡ್ಡದಾಗಿರುವುದರಿಂದ ಅಲ್ಲಿನ ಶೇ. 3ರ ತಪ್ಪೂ 45 ಚದರ ಕಿ.ಮೀ. ಆಗಿ ನಿಲ್ಲುತ್ತದೆ ಎಂಬುದನ್ನು ಗಮನಿಸಿ.

ಎರಡು ವರ್ಷದ ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟರೆ ತಪ್ಪುಗಳೂ ಗುಣಿಸಿಕೊಳ್ಳುತ್ತವೆ. ಎರಡೂ ಶೇ. 85 ಸರಿ, ತಪ್ಪುಗಳು ಒಂದಕ್ಕೊಂದು ಸಂಬಂಧವಿಲ್ಲದವು ಎಂದಾದರೆ, ಎರಡೂ ವರ್ಷದಲ್ಲಿ ಸರಿ ಬಂದ ಪಿಕ್ಸೆಲ್ ಸುಮಾರು ಶೇ. 72 ಮಾತ್ರ. ಅದಕ್ಕೇ ಒಂದು ಸುಲಭ ಪರೀಕ್ಷೆ ಮಾಡಿ. 2001ರಲ್ಲಿ ಕಟ್ಟಡ, 2024ರಲ್ಲಿ ಹೊಲ ಎಂದು ಬಂದ ಪಿಕ್ಸೆಲ್‌ಗಳನ್ನು ಬೇರೆ ಬಣ್ಣದಲ್ಲಿ ತೋರಿಸಿ. ಬೆಂಗಳೂರಿನಲ್ಲಿ ಬಡಾವಣೆ ಕೆಡವಿ ರಾಗಿ ಬೆಳೆದವರು ಎಲ್ಲಿದ್ದಾರೆ? ಅಂತಹ ಪಿಕ್ಸೆಲ್ ಬಹಳ ಇದ್ದರೆ 2001ರ ನಕ್ಷೆಯಲ್ಲಿ ಬೋಳು ನೆಲ ಇನ್ನೂ ಕಟ್ಟಡದ ವೇಷದಲ್ಲಿದೆ ಎಂದರ್ಥ. ಹಿಂದಕ್ಕೆ ಹೋಗಿ ಮಾದರಿ ಸರಿಪಡಿಸಿ.

ಈಗ ಊರಿನ ಲೆಕ್ಕ

ನಕ್ಷೆ ನಂಬುವ ಹಾಗಾದ ಮೇಲೆ 'ಮಲ್ಟಿ-ರಿಂಗ್ ಬಫರ್'ನಿಂದ ವಿಧಾನಸೌಧದ ಸುತ್ತ ಒಂದೊಂದು ಕಿ.ಮೀ. ಅಗಲದ 25 ಉಂಗುರ ಎಳೆಯಿರಿ. 'ಜೋನಲ್ ಸ್ಟ್ಯಾಟಿಸ್ಟಿಕ್ಸ್' ಓಡಿಸಿ, ಪ್ರತಿ ಉಂಗುರದಲ್ಲೂ ಶೇಕಡಾ ಎಷ್ಟು ಕಟ್ಟಡ ಎಂದು ತೆಗೆಯಿರಿ. ಚದರ ಕಿ.ಮೀ. ಅಲ್ಲ, ಶೇಕಡಾವಾರು. ಏಕೆಂದರೆ 25ನೇ ಉಂಗುರ ಮೊದಲನೆಯದಕ್ಕಿಂತ 49 ಪಟ್ಟು ದೊಡ್ಡದು. ಎರಡು ವರ್ಷದ ಗೆರೆಗಳನ್ನು ಒಂದೇ ಗ್ರಾಫ್‌ನಲ್ಲಿ ಎಳೆದರೆ, ಊರು ಒಳಗೆ ತುಂಬಿಕೊಂಡಿದೆಯೋ ಹೊರಗೆ ಚೆಲ್ಲಿದೆಯೋ ಒಂದೇ ನೋಟಕ್ಕೆ ತಿಳಿಯುತ್ತದೆ.

ಉಂಗುರಕ್ಕೆ ಒಂದು ದೋಷ ಇದೆ. ಹೊಸೂರು ರಸ್ತೆಯ ದಟ್ಟಣೆಯನ್ನೂ ಬನ್ನೇರುಘಟ್ಟದ ಕಾಡನ್ನೂ ಕಲಸಿ ಸರಾಸರಿ ಮಾಡಿಬಿಡುತ್ತದೆ. ಹಾಗಾಗಿ ವೃತ್ತವನ್ನು ಎಂಟು ದಿಕ್ಕಿಗೆ ಹೋಳು ಮಾಡಿ ಇನ್ನೊಮ್ಮೆ ನೋಡಿ. ಬಳ್ಳಾರಿ ರಸ್ತೆಯ ದಿಕ್ಕಿಗೆ ಒಂದು ಕಾರಣ ಎಲ್ಲರಿಗೂ ಗೊತ್ತು, ವಿಮಾನ ನಿಲ್ದಾಣ ಶುರುವಾದದ್ದು 2008ರಲ್ಲಿ. 2005 ಮತ್ತು 2012ರ ಆಸುಪಾಸಿನ ಎರಡು ನಕ್ಷೆ ಸೇರಿಸಿಕೊಂಡರೆ ಬೆಳವಣಿಗೆ ರನ್‌ವೇಗಿಂತ ಮುಂಚೆಯೇ ಓಡಿತೋ, ಹಿಂದೆ ಬಂತೋ ಎಂದು ನೀವೇ ಹೇಳಬಹುದು.

ಬಿಸಿಯ ನಕ್ಷೆ ಮಾಡುವ ಆಸೆ ಇದ್ದರೆ ಲ್ಯಾಂಡ್‌ಸ್ಯಾಟ್ ಲೆವೆಲ್ 2ರಲ್ಲೇ ನೆಲದ ತಾಪಮಾನದ ಪದರ ಇದೆ. 0.00341802ರಿಂದ ಗುಣಿಸಿ 149 ಕೂಡಿಸಿದರೆ ಕೆಲ್ವಿನ್, ಅದರಲ್ಲಿ 273.15 ಕಳೆದರೆ ಸೆಲ್ಸಿಯಸ್. ಆದರೆ ಇದು ಗಾಳಿಯ ಉಷ್ಣತೆಯಲ್ಲ, ನೆಲದ್ದು. ಅದೂ ಬೆಳಗಿನ ಹೊತ್ತಿನದು. ಮಾರ್ಚ್‌ನಲ್ಲಿ ಹೊರಗಿನ ಬೋಳು ಹೊಲ ಊರಿನ ಒಳಗಿಗಿಂತ ಬಿಸಿಯಾಗಿ ಕಂಡರೆ ಗಾಬರಿಯಾಗಬೇಡಿ.

ಕೆರೆ ಮತ್ತು ರಾಜಕಾಲುವೆ

ಕೆರೆಗೆ ನೀರಿನ ಸೂಚ್ಯಂಕ ಒಂದನ್ನೇ ನಂಬಬೇಡಿ. ಬೆಳ್ಳಂದೂರು, ವರ್ತೂರು ಕೆರೆಗಳ ಮೇಲೆ ಅಂತರಗಂಗೆ ಹಬ್ಬಿದ ತಿಂಗಳಲ್ಲಿ ನೀರೇ ಇಲ್ಲದ ಹುಲ್ಲುಗಾವಲಿನಂತೆ ಬರುತ್ತವೆ. ಹೂಳೆತ್ತಲು ನೀರು ಖಾಲಿ ಮಾಡಿದ ವರ್ಷ ಬೋಳು ನೆಲದಂತೆ ಬರುತ್ತವೆ. ಎರಡೂ ಸಲ 'ಕೆರೆ ಮಾಯ' ಎಂದು ಬರೆದರೆ ಎರಡೂ ಸಲ ತಪ್ಪು. ಕೆರೆಯ ಗಡಿಯನ್ನು ಬೇರೆ ಪದರವಾಗಿ ಇಟ್ಟುಕೊಂಡು, ಅದರೊಳಗೆ ತಿಂಗಳು ತಿಂಗಳು ನೀರು, ಗಿಡ, ಮಣ್ಣು ಎಷ್ಟೆಷ್ಟು ಎಂದು ಪಟ್ಟಿ ಮಾಡುವುದು ಒಳ್ಳೆಯದು.

ರಾಜಕಾಲುವೆ ಒತ್ತುವರಿಯನ್ನು ಮಾತ್ರ ಈ ಚಿತ್ರಗಳಿಂದ ಹೇಳಲು ಹೋಗಬೇಡಿ. ಒಂದು ಗುಂಟೆಯ ಪಿಕ್ಸೆಲ್‌ನಲ್ಲಿ ಕಾಲುವೆಯೇ ಸರಿಯಾಗಿ ಹಿಡಿಯುವುದಿಲ್ಲ, ಇನ್ನು ಅದರ ಮೇಲೆ ಎರಡು ಮೀಟರ್ ಮುಂದೆ ಬಂದ ಗೋಡೆ ಎಲ್ಲಿಂದ ಕಾಣಬೇಕು? ಅದಕ್ಕೆ ಬೇಕಾದದ್ದು ಭೂದಾಖಲೆ ಇಲಾಖೆಯ ಗ್ರಾಮ ನಕ್ಷೆ, ಜಾಗದಲ್ಲಿ ನಿಂತು ಸರ್ವೆ ನಂಬರ್ ನೋಡಲು ದಿಶಾಂಕ್ ಆ್ಯಪ್, ಕೊನೆಗೆ ಸರ್ವೇಯರ್‌ನ ಅಳತೆ. ಉಪಗ್ರಹ ಚಿತ್ರದಿಂದ ಆಗುವ ಸಹಾಯ ಇಷ್ಟೇ: ಯಾವ ಕೆರೆಯಿಂದ ಯಾವ ಕೆರೆಗೆ ಹೋಗುವ ದಾರಿಯಲ್ಲಿ ಕಟ್ಟಡ ಹೆಚ್ಚು ದಟ್ಟವಾಯಿತು, ಸರ್ವೇಯರ್ ಮೊದಲು ಎಲ್ಲಿಗೆ ಹೋಗಬೇಕು ಎಂದು ತೋರಿಸುವುದು.